ಬಾಕ್ಸರ್ ನಾಯಿಯ ಪೂರ್ವವೃತ್ತಾಂತ ಮತ್ತು ಆಶ್ರಯದಾತನ ಹೊಣೆ

ಪರಿತ್ಯಕ್ತವಾದ ಬಾಕ್ಸರ್ ನಾಯಿಯೊಂದನ್ನು ಮನೆಗೆ ತಂದು ಸಾಕುವವರು ಅದರಿಂದ ಏನೇನನ್ನು ನಿರೀಕ್ಷಿಸಬೇಕು? ಈ ಪ್ರಶ್ನೆಗೆ ಸಾಮಾನ್ಯವಾಗಿ ಆಹಾರ, ಲಸಿಕೆ, ವ್ಯಾಯಾಮಗಳ ಪಟ್ಟಿಯೊಂದು ಉತ್ತರವಾಗಿ ದೊರೆಯುತ್ತದೆ. ಆದರೆ ಈ ತಳಿಯ ಮಟ್ಟಿಗೆ ನಿಜವಾದ ಉತ್ತರವಿರುವುದು ಅದರ ಇತಿಹಾಸದಲ್ಲಿ. ಅದರ ಸ್ವಭಾವ, ರೂಪ, ರೋಗ ಈ ಮೂರನ್ನೂ ಬಹುಮಟ್ಟಿಗೆ ಮನುಷ್ಯನೇ ಆರಿಸಿ ಕೂಡಿಸಿದ್ದಾನೆ.

ಜರ್ಮನಿಯ ಅರಸರು ಕಾಡುಹಂದಿ, ಕರಡಿಗಳ ಬೇಟೆಗೆ ಬುಲನ್‌ಬೈಸರ್ ಎಂಬ ನಾಯಿಗಳನ್ನು ಸಾಕುತ್ತಿದ್ದರು. ಬೇಟೆಗಾರ ಬರುವವರೆಗೆ ಪ್ರಾಣಿಯನ್ನು ಕಚ್ಚಿ ಹಿಡಿದಿರುವುದೇ ಅವುಗಳ ಕೆಲಸ. ಅರಸೊತ್ತಿಗೆಯ ಬೇಟೆಗಳು ಕ್ಷೀಣಿಸಿದಾಗ ಅವು ಕಸಾಯಿಗಳ, ದನದ ವ್ಯಾಪಾರಿಗಳ ಪಾಲಾದವು. 19ನೆಯ ಶತಮಾನದ ಕೊನೆಗೆ ಮ್ಯೂನಿಕ್ ನಗರದ ಕೆಲವರು ಈ ವಂಶಕ್ಕೆ ಇಂಗ್ಲಿಷ್ ಬುಲ್‌ಡಾಗಿನ ರಕ್ತವನ್ನು ಬೆರೆಸಿ ಬಾಕ್ಸರ್ ತಳಿಯನ್ನು ರೂಪಿಸಿದರು. 1890ರ ದಶಕದ ಮಧ್ಯದಲ್ಲಿ ಅಲ್ಲಿಯೇ ಮೊದಲ ಬಾಕ್ಸರ್ ಸಂಘವೂ ಸ್ಥಾಪಿತವಾಯಿತು. ವಂಶಾವಳಿಯ ಗ್ರಂಥದಲ್ಲಿ ಮೊದಲು ದಾಖಲಾದ ನಾಯಿಯ ಹೆಸರು ಫ್ಲೋಕಿ. ಆದರೆ ತಳಿಯ ಭವಿಷ್ಯವನ್ನು ನಿರ್ಧರಿಸಿದ್ದು ಫ್ಲೋಕಿಯ ಸಹೋದರಿ, ಬಿಳಿಯ ಬಣ್ಣದ ಬ್ಲಾಂಕಾ, ಮತ್ತು ಆಕೆಯ ಮಗಳು ಮೇಟಾ. ಮೇಟಾಳ ಮೈಯೂ ಬಹುಭಾಗ ಬಿಳಿಯೇ, ಅಲ್ಲಲ್ಲಿ ಮಚ್ಚೆಗಳು. ಇಂದಿನ ಬಾಕ್ಸರ್‌ಗಳ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ಸಾಗಿದವರು ಮತ್ತೆ ಮತ್ತೆ ಬಂದು ನಿಲ್ಲುವುದು ಈ ತಾಯಿಯ ಬಳಿಯಲ್ಲಿಯೇ.

ಇಷ್ಟಾದರೂ ಬಿಳಿಯ ಬಣ್ಣ ಮುಂದೆ ದೋಷವೆನಿಸಿತು. ಬಾಕ್ಸರ್ ಪೊಲೀಸ್ ಮತ್ತು ಕಾವಲಿನ ಕೆಲಸಕ್ಕೆ ನಿಯುಕ್ತವಾದಂತೆ, ರಾತ್ರಿಯಲ್ಲಿ ಬಿಳಿಯ ನಾಯಿ ಎದ್ದು ಕಾಣುತ್ತದೆಂಬ ಕಾರಣ ಮುಂದೆ ಬಂತು. 1920ರ ದಶಕದಲ್ಲಿ ಜರ್ಮನ್ ಸಂಘವು ಬಿಳಿಯವನ್ನು ಹೊರಗಿಟ್ಟಿತು. ಇತ್ತ ಪ್ರದರ್ಶನಗಳಲ್ಲಿ ಮೆಚ್ಚುಗೆ ಪಡೆಯುತ್ತಿದ್ದುದು ಎದೆ, ಕಾಲು, ಮುಖಗಳಲ್ಲಿ ಬಿಳಿಯ ಗುರುತಿರುವ ಕೆಂದು ನಾಯಿಗಳು. ಅಂಥ ಎರಡನ್ನು ಕೂಡಿಸಿದರೆ ಮರಿಗಳಲ್ಲಿ ಸರಾಸರಿ ನಾಲ್ಕನೆಯ ಒಂದು ಪಾಲು ಬಿಳಿಯಾಗಿಯೇ ಹುಟ್ಟುತ್ತದೆ. ಅದು ಆನುವಂಶಿಕ ನಿಯಮ. ಹೀಗೆ ತಾವೇ ಬಯಸಿದ ಸೌಂದರ್ಯದ ಫಲವಾಗಿ ಹುಟ್ಟಿದ ಮರಿಗಳನ್ನು ಹುಟ್ಟಿದೊಡನೆ ಕೊಲ್ಲುವ ರೂಢಿ ಹಲವು ದೇಶಗಳ ತಳಿಗಾರರಲ್ಲಿ ದಶಕಗಳ ಕಾಲ ನಡೆಯಿತು. ಸಕಾರಣವಿಲ್ಲದೆ ಪ್ರಾಣಿಯನ್ನು ಕೊಲ್ಲಲಾಗದೆಂದು 1972ರ ಜರ್ಮನ್ ಕಾನೂನು ವಿಧಿಸಿತು. ಆದರೂ ಮೈಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬಿಳಿಯಿರಬಾರದೆಂಬ ಮಾನದಂಡ ಇಂದಿಗೂ ಉಳಿದಿದೆ. ಮೇಟಾ ಈಗ ಹುಟ್ಟಿದ್ದರೆ ಅವಳಿಗೆ ಪ್ರದರ್ಶನದ ಅಂಗಳದಲ್ಲಿ ಪ್ರವೇಶವಿಲ್ಲ! ಆಶ್ರಯಧಾಮಗಳಲ್ಲಿ ಬಿಳಿಯ ಬಾಕ್ಸರ್ ಕಂಡಾಗ ಈ ಹಿನ್ನೆಲೆಯನ್ನು ನೆನೆಯಬೇಕು. ಅವುಗಳಲ್ಲಿ ಕೆಲವಕ್ಕೆ ಒಂದು ಅಥವಾ ಎರಡೂ ಕಿವಿ ಕೇಳಿಸದು; ಕರೆದರೆ ಬರಲಿಲ್ಲವೆಂದು ಹೊಡೆಯುವ ಮುನ್ನ ಅದನ್ನು ಪರೀಕ್ಷಿಸಬೇಕು. ಕೈಸನ್ನೆಯನ್ನು ಅವು ಚೆನ್ನಾಗಿ ಕಲಿಯುತ್ತವೆ.

2005ರಲ್ಲಿ ವಿಜ್ಞಾನಿಗಳು ನಾಯಿಯ ಸಂಪೂರ್ಣ ವಂಶವಾಹಿ ಲಿಪಿಯನ್ನು ಪ್ರಕಟಿಸಿದಾಗ ಅದಕ್ಕೆ ಆಧಾರವಾದದ್ದು ಟಾಶಾ ಎಂಬ ಹೆಣ್ಣು ಬಾಕ್ಸರ್. ಪರೀಕ್ಷಿಸಿದ ನಾಯಿಗಳಲ್ಲಿ ಅವಳ ವಂಶವಾಹಿಯಲ್ಲಿ ವೈವಿಧ್ಯ ಕಡಿಮೆಯಿದ್ದುದು, ಅಂದರೆ ಓದಲು ಸುಲಭವಾಗಿದ್ದುದು, ಆಯ್ಕೆಯ ಕಾರಣ. ವಿಜ್ಞಾನಕ್ಕೆ ಅನುಕೂಲವಾದ ಈ ಏಕರೂಪತೆಯೇ ನಾಯಿಗೆ ಸಂಕಟ. ಈ ತಳಿಯಲ್ಲಿ ಹೃದಯದ ಸ್ನಾಯುವನ್ನು ಕಾಡುವ ಒಂದು ರೋಗವನ್ನು 1983ರಲ್ಲಿ ವಿವರವಾಗಿ ಗುರುತಿಸಲಾಯಿತು. ಆರೋಗ್ಯವಂತನಂತೆ ಓಡಾಡುವ ನಾಯಿ ಹಠಾತ್ತನೆ ಮೂರ್ಛೆ ಹೋಗಬಹುದು, ಸಾಯಲೂಬಹುದು. ಚರ್ಮದ ಗಂತಿಗಳು, ಅರ್ಬುದವೂ ಇವಕ್ಕೆ ಹೆಚ್ಚು. ಎಸಿಪ್ರೊಮಝೀನ್ ಎಂಬ ಮಂಪರು ಔಷಧದಿಂದ ಕೆಲವು ಬಾಕ್ಸರ್‌ಗಳು ಕುಸಿದುಬೀಳುವುದುಂಟು. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುನ್ನ ಪಶುವೈದ್ಯರೊಡನೆ ಈ ವಿಷಯ ಮಾತಾಡಿಕೊಳ್ಳಬೇಕು.

ಕತ್ತರಿಸಿದ ಕಿವಿ, ಮೊಟಕಾದ ಬಾಲ ಹುಟ್ಟಿನಿಂದ ಬಂದವಲ್ಲ. ಜರ್ಮನಿಯಲ್ಲಿ ಕಿವಿ ಕತ್ತರಿಸುವುದು 1987ರಲ್ಲಿ, ಬಾಲ ಕತ್ತರಿಸುವುದು 1998ರಲ್ಲಿ ನಿಷಿದ್ಧವಾದವು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಛೇದವೂ ಒಂದೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಓದಿದವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಲಾಭಕ್ಕಾಗಿ ಹಿಂಸ್ರಪ್ರಾಣಿಗಳನ್ನು ಪೋಷಿಸುವುದು ಶ್ರಾವಕನಿಗೆ ಸಲ್ಲದೆಂಬ ವಿಧಿಯನ್ನು ಮುಂದಿಟ್ಟು ನಾಯಿಯನ್ನೇ ಸಾಕಬಾರದೆನ್ನುವ ಹಿರಿಯರಿದ್ದಾರೆ. ಆ ವಿಧಿಗೆ ನೇರವಾಗಿ ಗುರಿಯಾಗುವವರು ಮರಿಗಳನ್ನು ಹುಟ್ಟಿಸಿ ಮಾರುವವರು. ಬೀದಿಗೆ ಬಿದ್ದುದನ್ನು ಎತ್ತಿಕೊಂಡವರಲ್ಲ ಎಂಬುದು ನನ್ನ ಅಭಿಪ್ರಾಯ.

ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳಿದ ಜೀವಂಧರನ ಕಥೆ ನಮಗೆಲ್ಲ ಪರಿಚಿತ. ಆದರೆ ಜೀವಂಧರನಿಗೆ ಆ ನಾಯಿಯ ಜೊತೆ ಕಳೆಯಬೇಕಾಗಿದ್ದುದು ಕೆಲವು ಕ್ಷಣ; ಬಾಕ್ಸರನ್ನು ತಂದವರು ವರ್ಷಗಟ್ಟಲೆ ಕಳೆಯಬೇಕು. ಮೊದಲ ಕೆಲವು ವಾರ ಅದು ಮೂಲೆ ಹಿಡಿದು ಕೂರಬಹುದು, ತಟ್ಟೆಯ ಬಳಿ ಗುರುಗುಟ್ಟಬಹುದು. ಅಂಜಿಕೆ ಕಳೆದ ಮೇಲೆ ಮುಂಗಾಲೆತ್ತಿ ಮೈಮೇಲೆ ಹಾರುವುದು ಇವುಗಳ ಸಹಜ ಪ್ರೀತಿ. ಸುಮಾರು ಮೂವತ್ತು ಕಿಲೋ ತೂಕದ ಈ ಪ್ರೀತಿಗೆ ಮನೆಯ ಅಜ್ಜಿಯಾಗಲಿ ಕೂಸಾಗಲಿ ಉರುಳಿಬೀಳಬಹುದು. ಜನರ ಸಹವಾಸವಿಲ್ಲದೆ ಇವು ಕೊರಗುತ್ತವೆ. ಹಿತ್ತಿಲಲ್ಲಿ ಸರಪಳಿ ಬಿಗಿದು ಕಾವಲಿಗಿಡುವ ಉದ್ದೇಶವಿದ್ದರೆ ತರದಿರುವುದೇ ಲೇಸು. ಹಿಡಿತಕ್ಕಾಗಿ ಬೆಳೆಸಿದ ಮೊಂಡುಮೂಗು ಸೆಕೆಯನ್ನು ತಾಳಲಾರದು. ಮ್ಯೂನಿಕ್ಕಿನ ಹವೆಗೆ ಹುಟ್ಟಿದ ಪ್ರಾಣಿಯನ್ನು ಕಲಬುರ್ಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ನಡೆಸುವುದು ಕೊಲೆಗೆ ಸಮೀಪದ ಕೃತ್ಯ.

ಇನ್ನು ನಮ್ಮ ಮನೆಗಳ ಮುಖ್ಯ ಸಂದೇಹ, ಆಹಾರ. ನಾಯಿ ಬೆಕ್ಕಿನಂತೆ ಮಾಂಸವೊಂದನ್ನೇ ಅವಲಂಬಿಸಿದ ಪ್ರಾಣಿಯಲ್ಲ. ಮನುಷ್ಯನ ಸಹವಾಸದಲ್ಲಿ ಪಿಷ್ಟವನ್ನು ಜೀರ್ಣಿಸುವ ಶಕ್ತಿ ಅದಕ್ಕೆ ಬಂದಿರುವುದನ್ನು 2013ರ ಸಂಶೋಧನೆ ತೋರಿಸಿದೆ. ಆದ್ದರಿಂದ ಸಸ್ಯಾಹಾರ ಅಸಾಧ್ಯವೇನಲ್ಲ. ಆದರೆ ಅನ್ನ, ತೊವ್ವೆ, ಮಜ್ಜಿಗೆಯಷ್ಟೇ ಸಾಲದು. ಹೃದಯಕ್ಕೆ ಅಗತ್ಯವಾದ ಟಾರಿನ್, ಕಾರ್ನಿಟಿನ್‌ಗಳ ಕೊರತೆ ಈ ತಳಿಗೆ ವಿಶೇಷವಾಗಿ ಅಪಾಯಕರ. ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಪೂರಕಗಳನ್ನು ಕೊಡಬೇಕು, ಹೃದಯವನ್ನು ಆಗಾಗ ತಪಾಸಣೆ ಮಾಡಿಸಬೇಕು. ಅದರಿಂದಲೂ ಸಾಗದೆಂದು ವೈದ್ಯರು ಹೇಳಿದರೆ ಏನು ಮಾಡುವುದೆಂಬುದನ್ನು ಮನೆಯವರೆಲ್ಲ ಕುಳಿತು ಮೊದಲೇ ತೀರ್ಮಾನಿಸಿಕೊಳ್ಳಬೇಕು. ನಮ್ಮ ವ್ರತದ ಬೆಲೆಯನ್ನು ವ್ರತವಿಲ್ಲದ ಪ್ರಾಣಿ ತೆರುವಂತಾಗಬಾರದು; ಒಪ್ಪಿಗೆಯಾಗದಿದ್ದರೆ ಆಶ್ರಯಧಾಮದ ಚಿಕಿತ್ಸೆಯ ವೆಚ್ಚಕ್ಕೆ ನೆರವಾಗುವುದು ಅಷ್ಟೇ ಮಾನ್ಯವಾದ ಮಾರ್ಗ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷವಾದುದರಿಂದ ಆ ಮಟ್ಟಿಗೆ ಜೈನರ ಅಡುಗೆಮನೆ ನಿರಪಾಯ. ಆದರೆ ಪೂಜೆಯ ತಟ್ಟೆಯ ಒಣದ್ರಾಕ್ಷಿ ಅಷ್ಟೇ ವಿಷ. ಎದೆಗೂಡು ಆಳವಾದ ಈ ನಾಯಿಗೆ ಹೊಟ್ಟೆಯುಬ್ಬರದ ಭಯವಿರುವುದರಿಂದ ಊಟವನ್ನು ಎರಡು ಹೊತ್ತಿಗೆ ಹಂಚಿ, ಉಂಡೊಡನೆ ಓಡಿಸದೆ ಮಲಗಲು ಬಿಡಬೇಕು. ಎರಡನೆಯ ಊಟ ಸೂರ್ಯಾಸ್ತಕ್ಕೆ ಮುಂಚೆ ಆದರೆ ಮನೆಯವರ ಪದ್ಧತಿಗೂ ಅನುಕೂಲ.

ಇವುಗಳ ಆಯುಸ್ಸು ಸಾಮಾನ್ಯವಾಗಿ ಹತ್ತು ಹನ್ನೆರಡು ವರ್ಷ. ಆರೇಳು ವರ್ಷದ ನಾಯಿಯನ್ನು ತಂದವರಿಗೆ ದೊರೆಯುವುದು ಅದರ ಉತ್ತರಾರ್ಧ ಮಾತ್ರ; ಔಷಧದ ಖರ್ಚು ಹೆಚ್ಚುವುದೂ ಆ ವರ್ಷಗಳಲ್ಲಿಯೇ.