ಪದ ಪರಿಚಯ: ಭಟ್ಟಿ

ಬೆಳಗಾವಿ ಜಿಲ್ಲೆಯ ಅಕ್ಕೋಳ, ನಿಪ್ಪಾಣಿ ಕಡೆಯ ಮಾತಿನಲ್ಲಿ ‘ಭಟ್ಟಿ’ ಅಂದರೆ ಇಟ್ಟಂಗಿ ಸುಡುವ ಜಾಗ, ಚುರಮರಿ ಹುರಿಯುವ ಜಾಗ. ಸಾರಾಯಿ ನೆನಪಾಗುವುದು ಆಮೇಲೆ. ಹುರಿಯುವ ಬಾಣಲೆಗೆ ಸಂಸ್ಕೃತದಲ್ಲಿದ್ದ ‘ಭ್ರಾಷ್ಟ್ರ’ ಪ್ರಾಕೃತದಲ್ಲಿ ಸವೆದು ಈ ರೂಪಕ್ಕೆ ಬಂತು. ಮರಾಠಿ, ಹಿಂದಿಗಳಲ್ಲೂ ಉಂಟು. ಹುಟ್ಟಿನಲ್ಲೇ ಬೆಂಕಿಯಿರುವ ಪದ. ಚುರಮರಿ ಭಟ್ಟಿಯಲ್ಲಿ ಅದು ಕಣ್ಣಿಗೇ ಕಾಣುತ್ತದೆ: ಕಾದ ಮರಳಿಗೆ ಉಪ್ಪು ಹಿಡಿದ ಅಕ್ಕಿ ಬಿದ್ದದ್ದೇ ತಡ, ಚಟಪಟ ಅರಳಿ ಮೇಲೇಳುತ್ತದೆ. ಚುರಮರಿಗೆ ಮಂಡಕ್ಕಿ ಎನ್ನುವ ದಾವಣಗೆರೆಯಲ್ಲಂತೂ ಒಂದು ಬಡಾವಣೆಯ ಹೆಸರೇ ಮಂಡಕ್ಕಿ ಭಟ್ಟಿ.

ಸಾರಾಯಿ ಕಾಯಿಸಿ ಆವಿ ಹಿಡಿಯುವುದಕ್ಕೆ ಹೇಳುವ ‘ಭಟ್ಟಿ ಇಳಿಸು’ ಎಂಬುದನ್ನು ‘ಬಟ್ಟಿ ಇಳಿಸು’ ಎಂದು ಅಲ್ಪಪ್ರಾಣದಲ್ಲೂ ಬರೆಯುತ್ತಾರೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತರೂ ‘ಕಳ್ಳಬಟ್ಟಿ’ ಸುದ್ದಿಗಳಲ್ಲಿ ಉಳಿದಿದೆ. ಇಲ್ಲಿನ ‘ಕಳ್ಳ’ನಿಗೂ ಕುಡಿಯುವ ಕಳ್ಳಿಗೂ ಸಂಬಂಧವಿಲ್ಲ.

ಜಪಾನಿನಲ್ಲಿ ಸಾಕೆ ಎಂಬ ಅಕ್ಕಿಯ ಮದ್ಯ ಮಾಡುವ ಮನೆ ನೋಡಿ ಬಂದವರು ಅದನ್ನು ‘ಸಾಕೆ ಭಟ್ಟಿ’ ಎಂದರೆ ಒಪ್ಪಲಾಗದು. ಅಕ್ಕಿಯನ್ನು ಹಬೆಯಲ್ಲಿ ಬೇಯಿಸಲು ಉರಿ ಬೇಕು, ನಿಜ. ಆದರೆ ಸಾಕೆ ಹುದುಗಿ ಆಗುವಂಥದ್ದು, ಆವಿ ಹಿಡಿದು ಇಳಿಸುವಂಥದ್ದಲ್ಲ. ಕೋಜಿ ಎಂಬ ಬೂಷ್ಟು ಅನ್ನದ ಪಿಷ್ಟವನ್ನು ಸಕ್ಕರೆ ಮಾಡುತ್ತದೆ, ಯೀಸ್ಟ್ ಆ ಸಕ್ಕರೆಯನ್ನು ಮದ್ಯ ಮಾಡುತ್ತದೆ. ಹಿಂಡಿ ಉಳಿದ ಗಸಿ ‘ಕಾಸು’; ಅದರಲ್ಲಿ ಮೀನು ನೆನೆಸಿ ಸುಟ್ಟು ಬಡಿಸುತ್ತಾರೆ, ತರಕಾರಿ ಉಪ್ಪಿನಕಾಯಿಯನ್ನೂ ಹಾಕುತ್ತಾರೆ. ಅಲ್ಲಿನ ಶೋಚು ಮಾತ್ರ ನಿಜವಾಗಿ ಭಟ್ಟಿ ಇಳಿಸಿದ ಪಾನೀಯ. ಸಾಕೆ ಮನೆಗೆ ಅವರದೇ ‘ಸಾಕಾಗುರಾ’ ಇದೆ. ಕನ್ನಡದಲ್ಲಿ ‘ಸಾಕೆ ಮನೆ’ ಎಂದರೆ ಸಾಕು.