ಮನುಷ್ಯರನ್ನು ನೋಡಿ ಹಣ ಹೂಡಿದವರು

ಪ್ರೈವೇಟ್ ಈಕ್ವಿಟಿ ಎಂದರೆ ಸಾಲ ಮಾಡಿ ಕಂಪನಿ ಕೊಳ್ಳುವುದು, ನೌಕರರನ್ನು ಮನೆಗೆ ಕಳಿಸುವುದು, ಐದು ವರ್ಷದೊಳಗೆ ಮಾರಿ ಕೈತೊಳೆದುಕೊಳ್ಳುವುದು ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಇದಕ್ಕೆ ಉತ್ತರವೆಂಬಂತೆ, ದುಡಿಯುವವರ ಹಿತ ನೋಡುವ ಬಂಡವಾಳ ಈಚಿನ ನಾಲ್ಕಾರು ವರ್ಷಗಳ ಆವಿಷ್ಕಾರ ಎಂದು ಸಾರುವವರೂ ಹುಟ್ಟಿಕೊಂಡಿದ್ದಾರೆ. ಇಬ್ಬರೂ ಚರಿತ್ರೆಯ ಮೊದಲ ಅಧ್ಯಾಯವನ್ನು ಓದಿದಂತಿಲ್ಲ. ಆ ಅಧ್ಯಾಯದ ನಾಯಕ ಒಬ್ಬ ವಲಸಿಗ.

ಜಾರ್ಜ್ ಡೋರಿಯೊ ಹುಟ್ಟಿದ್ದು 1899ರಲ್ಲಿ, ಪ್ಯಾರಿಸ್‌ನಲ್ಲಿ. 1921ರಲ್ಲಿ ಅಮೆರಿಕಕ್ಕೆ ಬಂದು, ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಮೇಷ್ಟ್ರಾಗಿ, 1940ರಲ್ಲಿ ಅಲ್ಲಿನ ಪೌರರಾದರು. ಅಲ್ಲಿಯವರೆಗೆ ಹೊಸ ಉದ್ಯಮಕ್ಕೆ ದುಡ್ಡು ಬೇಕೆಂದರೆ ರಾಕ್‌ಫೆಲರ್‌ರಂಥ ಸಿರಿವಂತ ಕುಟುಂಬಗಳ ಬಾಗಿಲು ತಟ್ಟಬೇಕಿತ್ತು. 1946ರಲ್ಲಿ ಶುರುವಾದ ‘ಅಮೆರಿಕನ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್’ ಸಂಸ್ಥೆ ಸಾರ್ವಜನಿಕರಿಗೆ ಷೇರು ಮಾರಿ ಆ ದುಡ್ಡು ಕೂಡಿಸಿತು. ಅದರ ಚುಕ್ಕಾಣಿ ಹಿಡಿದವರು ಡೋರಿಯೊ.

ಅವರ ಕ್ರಮ ತಿಳಿಯಬೇಕಾದರೆ 1957ರ ಒಂದು ಹೂಡಿಕೆಯನ್ನು ನೋಡಿದರೆ ಸಾಕು. ಎಂಐಟಿಯ ಪ್ರಯೋಗಾಲಯದಿಂದ ಬಂದ ಕೆನ್ ಓಲ್ಸೆನ್ ಮತ್ತು ಹಾರ್ಲನ್ ಆಂಡರ್ಸನ್ ಎಂಬ ಇಬ್ಬರು ತರುಣ ಎಂಜಿನಿಯರುಗಳ ಬಳಿ ವ್ಯಾಪಾರದ ಅನುಭವವಿರಲಿಲ್ಲ. ಕಂಪ್ಯೂಟರ್ ವ್ಯವಹಾರದಲ್ಲಿ ದೊಡ್ಡ ಕಂಪನಿಗಳೇ ಕೈಸುಟ್ಟುಕೊಂಡಿದ್ದ ಕಾಲವದು. ಪ್ರಸ್ತಾವದಲ್ಲಿ ಕಂಪ್ಯೂಟರ್ ಎಂಬ ಹೆಸರೆತ್ತಬೇಡಿ ಎಂದು ಅವರಿಗೆ ಸಲಹೆಯೂ ಸಿಕ್ಕಿತ್ತು. ಆದರೂ ಡೋರಿಯೊ ಸಂಸ್ಥೆ 70,000 ಡಾಲರ್ ಕೊಟ್ಟು ಶೇ. 70ರಷ್ಟು ಪಾಲು ಪಡೆಯಿತು. ಮೇನಾರ್ಡ್ ಎಂಬ ಊರಿನ ಹಳೆಯ ಉಣ್ಣೆ ಗಿರಣಿಯ ಒಂದು ಭಾಗವನ್ನು ಬಾಡಿಗೆಗೆ ಹಿಡಿದು ಶುರುವಾದ ಆ ಕಂಪನಿಯೇ ಡಿಜಿಟಲ್ ಈಕ್ವಿಪ್‌ಮೆಂಟ್. ಹತ್ತು ವರ್ಷ ದಾಟುವ ಹೊತ್ತಿಗೆ ಆ ಪಾಲಿನ ಬೆಲೆ ಕೋಟಿಗಟ್ಟಲೆ ಡಾಲರ್ ಮುಟ್ಟಿತ್ತು. ಲಾಭವನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಡೋರಿಯೊ ಅವರ ತಾಳ್ಮೆ. 1972ರಲ್ಲಿ ತಮ್ಮ ಸಂಸ್ಥೆ ಟೆಕ್ಸ್‌ಟ್ರಾನ್‌ನಲ್ಲಿ ವಿಲೀನವಾಗುವವರೆಗೂ ಅವರು ಡಿಜಿಟಲ್‌ನ ಕೈಬಿಡಲಿಲ್ಲ.

ಆ ಮಾದರಿಗೂ ಕೊರತೆಯಿತ್ತು. ಸರ್ಕಾರಿ ನಿಯಮಗಳ ಬಿಗಿಯಿಂದಾಗಿ ತಮ್ಮದೇ ಸಿಬ್ಬಂದಿಗೆ ತಕ್ಕ ಪಾಲು ಕೊಡಲು ಡೋರಿಯೊ ಅವರಿಗೆ ಆಗಲಿಲ್ಲ. ಅವರ ಬಲಗೈಯಂತಿದ್ದ ಬಿಲ್ ಎಲ್ಫರ್ಸ್ 1965ರಲ್ಲಿ ಹೊರನಡೆದು ಗ್ರೇಲಾಕ್ ಎಂಬ ಪಾಲುದಾರಿಕೆ ಸಂಸ್ಥೆ ಕಟ್ಟಿದರು. ಹತ್ತು ವರ್ಷಕ್ಕೆ ಮುಗಿಯುವ ಪಾಲುದಾರಿಕೆ ಫಂಡೇ ಮುಂದೆ ರೂಢಿಯಾಯಿತು. ಗಡಿಯಾರ ನೋಡಿಕೊಂಡು ಹಣ ಹೂಡುವ ಅಭ್ಯಾಸ ಅಲ್ಲಿಂದ ಬಂತು.

ಎಂಬತ್ತರ ದಶಕದ ಸಾಲದ ಖರೀದಿಗಳ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ. 1976ರಲ್ಲಿ ಹುಟ್ಟಿದ ಪ್ರೈವೇಟ್ ಈಕ್ವಿಟಿ ಸಂಸ್ಥೆ ಕೆಕೆಆರ್, 1988ರ ಆರ್‌ಜೆಆರ್ ನಬಿಸ್ಕೊ ಹರಾಜು, ಅದರ ಸುಮಾರು 2,500 ಕೋಟಿ ಡಾಲರ್ ಬೆಲೆ. ಅದೇ ಕಾಲದಲ್ಲಿ ಲೂಯಿಸ್ ಕೆಲ್ಸೊ ಎಂಬ ವಕೀಲರ ವಿಚಾರವೂ ಬೇರೂರುತ್ತಿತ್ತು. ಅದನ್ನು ಬರೆದವರು ಕಡಿಮೆ. ದುಡಿಯುವವರನ್ನೇ ಷೇರುದಾರರನ್ನಾಗಿಸುವ ಯೋಜನೆಯನ್ನು ಅವರು 1956ರಲ್ಲೇ ಒಂದು ಪತ್ರಿಕಾ ಸಂಸ್ಥೆಯಲ್ಲಿ ಜಾರಿಗೆ ತಂದಿದ್ದರು. 1974ರಲ್ಲಿ ಅಮೆರಿಕದ ಕಾನೂನು ಅದಕ್ಕೆ ಮಾನ್ಯತೆ ಕೊಟ್ಟಿತು.

ನಮ್ಮ ತಲೆಮಾರು ಹಣ ಹೂಡುವ ಈ ವೃತ್ತಿಗೆ ಕಾಲಿಟ್ಟಾಗ ಬೆಂಗಳೂರಿನಲ್ಲಿ ಟಿಡಿಐಸಿಐ ಇತ್ತು. 1988ರಲ್ಲಿ ಐಸಿಐಸಿಐ ಮತ್ತು ಯುಟಿಐ ಸೇರಿ ಕಟ್ಟಿದ ಸಂಸ್ಥೆ ಅದು. ಅಡಮಾನಕ್ಕೆ ಆಸ್ತಿಯಿಲ್ಲದ ಎಂಜಿನಿಯರನ್ನು ನಂಬಿ ಹಣ ಕೊಡುವ ಪಾಠವನ್ನು ನಾವು ಅಲ್ಲಿಂದ ಕಲಿತೆವು. 1994ರಲ್ಲಿ ಇನ್ಫೋಸಿಸ್ ನೌಕರರಿಗೆ ಷೇರು ಹಂಚತೊಡಗಿದಾಗ ಮಧ್ಯಮ ವರ್ಗದ ಮನೆಗಳಲ್ಲಿ ಆದ ಬದಲಾವಣೆಯನ್ನು ಜಯನಗರ, ಮಲ್ಲೇಶ್ವರದವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಭಾಗ್ಯ ಗಾರ್ಮೆಂಟ್ಸ್‌ಗೆ ತಲುಪಲಿಲ್ಲ. 2007ರಲ್ಲಿ ಅಮೆರಿಕದ ಪ್ರೈವೇಟ್ ಈಕ್ವಿಟಿ ಸಂಸ್ಥೆ ಬ್ಲ್ಯಾಕ್‌ಸ್ಟೋನ್ ನಮ್ಮ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಬಹುಪಾಲು ಕೊಂಡು, ಹತ್ತು ವರ್ಷದ ಬಳಿಕ ನಷ್ಟಕ್ಕೆ ಮಾರಿತು. ಈ ಕಥೆಯನ್ನು ಹೂಡಿಕೆದಾರರ ನಷ್ಟದ ಲೆಕ್ಕವಾಗಿಯೇ ಹೇಳುತ್ತಾ ಬಂದಿದ್ದೇವೆ. ಟೈಲರ್, ಚೆಕರ್, ಹೆಲ್ಪರ್ ಆಗಿ ದುಡಿಯುವ ಹೆಣ್ಣುಮಕ್ಕಳು ಆ ಲೆಕ್ಕದ ಯಾವ ಸಾಲಿನಲ್ಲೂ ಬರುವುದಿಲ್ಲ.

ಅಮೆರಿಕದಲ್ಲಿ ಗಾಳಿ ತಿರುಗಿದೆ. ಟರ್ಕಿಯಿಂದ ವಲಸೆ ಬಂದ ಹಮ್ದಿ ಉಲುಕಾಯ, ಮುಚ್ಚಿಹೋಗಿದ್ದ ಕ್ರಾಫ್ಟ್ ಕಾರ್ಖಾನೆಯೊಂದನ್ನು 2005ರಲ್ಲಿ ಸಾಲ ಮಾಡಿ ಕೊಂಡು ಚೊಬಾನಿ ಮೊಸರಿನ ಕಂಪನಿ ಕಟ್ಟಿದರು. 2014ರಲ್ಲಿ ಟಿಪಿಜಿ ಎಂಬ ಪ್ರೈವೇಟ್ ಈಕ್ವಿಟಿ ಸಂಸ್ಥೆಯಿಂದ 75 ಕೋಟಿ ಡಾಲರ್ ಸಾಲ ಪಡೆದರೂ, 2016ರಲ್ಲಿ ನೌಕರರಿಗೆ ಶೇ. 10ರವರೆಗಿನ ಪಾಲು ಘೋಷಿಸಿದರು. ಕೆಕೆಆರ್‌ನಲ್ಲೇ ಪೀಟ್ ಸ್ಟಾವ್ರೊಸ್ ಇಂಥದೇ ದಾರಿ ಹಿಡಿದರು. ಇಲಿನಾಯ್‌ನಲ್ಲಿ ಗ್ಯಾರೇಜ್ ಬಾಗಿಲು ತಯಾರಿಸುವ ಸಿಎಚ್‌ಐ ಕಂಪನಿಯನ್ನು 2015ರಲ್ಲಿ ಕೊಂಡಾಗ ಸುಮಾರು 800 ಮಂದಿಗೂ ಪಾಲು ಕೊಟ್ಟರು. 2022ರಲ್ಲಿ ಅದು 300 ಕೋಟಿ ಡಾಲರಿಗೆ ಮಾರಾಟವಾದಾಗ ಗಂಟೆ ಲೆಕ್ಕದ ಕೆಲಸಗಾರರಿಗೆ, ಲಾರಿ ಚಾಲಕರಿಗೆ ಸರಾಸರಿ 1,75,000 ಡಾಲರ್ ಬಂತು. ಹೂಡಿಕೆದಾರರಿಗೆ ಹತ್ತು ಪಟ್ಟು ಮರಳಿತು. ನೌಕರರಿಗೆ ಪಾಲು ಕೊಟ್ಟರೆ ಲಾಭ ಸೋರುತ್ತದೆ ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಇದೇ ಕೆಕೆಆರ್ ಪಾಲುದಾರನಾಗಿದ್ದ ಆಟಿಕೆ ಮಳಿಗೆಗಳ ಕಂಪನಿ ಟಾಯ್ಸ್ ಆರ್ ಅಸ್ 2018ರಲ್ಲಿ ಬಾಗಿಲು ಹಾಕಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು ಎಂಬುದನ್ನೂ ಮರೆಯುವಂತಿಲ್ಲ. ಒಳ್ಳೆಯತನವನ್ನು ಒಂದಿಬ್ಬರ ಮನಸ್ಸಿಗೆ ಬಿಟ್ಟರೆ ಆಗುವುದು ಹೀಗೆಯೇ.

ನಮ್ಮಲ್ಲಂತೂ ಕಾಗದದ ಮೇಲೆಯೇ ಅಡ್ಡಿಯಿದೆ. ಷೇರುಪೇಟೆಗೆ ಬಾರದ ಕಂಪನಿಗಳಲ್ಲೇ ಪ್ರೈವೇಟ್ ಈಕ್ವಿಟಿಯ ಕೆಲಸ ಹೆಚ್ಚು. ಅವುಗಳಿಗೆ ಅನ್ವಯಿಸುವ 2014ರ ನಿಯಮಗಳ ಪ್ರಕಾರ ದುಡಿಯುವವರಲ್ಲಿ ಷೇರು ಆಯ್ಕೆ ಸಿಗುವುದು ಕಾಯಂ ನೌಕರರಿಗೆ ಮಾತ್ರ. ಗುತ್ತಿಗೆಯ ಮೇಲೆ ದುಡಿಯುವವರು ಹೊರಗೇ ಉಳಿಯುತ್ತಾರೆ. ಈ ನಿಯಮ ಬದಲಾಗಬೇಕು. ಅಲ್ಲಿಯವರೆಗೆ ಬೆಂಗಳೂರಿನ ಫಂಡ್‌ಗಳನ್ನು ನಡೆಸುತ್ತಿರುವ ಕಿರಿಯ ಮಿತ್ರರು ಕಾರ್ಖಾನೆಯೊಂದಕ್ಕೆ ಹಣ ಹಾಕುವ ಮುನ್ನ, ಅಲ್ಲಿ ದುಡಿಯುವ ಎಷ್ಟು ಜನರಿಗೆ ಲಾಭದಲ್ಲಿ ಪಾಲಿದೆ ಎಂದು ಕೇಳಿ, ಉತ್ತರವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಲಿ.