ಸದಸ್ಯತ್ವದ ಬಾಕಿ, ವಸೂಲಿ ಮತ್ತು ಸಿಬಿಲ್ ವರದಿ

ವಿಹಾರ ಕ್ಲಬ್ಬು, ವ್ಯಾಯಾಮಶಾಲೆ ಮೊದಲಾದವುಗಳ ದೀರ್ಘಾವಧಿ ಸದಸ್ಯತ್ವ ಮಹಾನಗರಗಳ ಕುಟುಂಬಗಳಿಗೆ ಹೊಸದಲ್ಲ. ಬೇಕಾದ ದಿನ ಕೊಠಡಿ ದೊರೆಯದಿರುವುದು, ವಾರ್ಷಿಕ ಶುಲ್ಕ ಏರುತ್ತಲೇ ಹೋಗುವುದು, ರದ್ದತಿಗೆ ಬರೆದ ಪತ್ರಕ್ಕೆ ಉತ್ತರ ಬಾರದಿರುವುದು ಇವುಗಳ ಬಗೆಗಿನ ಸಾಮಾನ್ಯ ದೂರುಗಳು. ಬೇಸತ್ತ ಸದಸ್ಯರು ಹಣ ಕಟ್ಟುವುದನ್ನು ನಿಲ್ಲಿಸುತ್ತಾರೆ. ಕೆಲವು ತಿಂಗಳಲ್ಲಿ ವಸೂಲಿ ಏಜೆಂಟರ ಕರೆ ಬರುತ್ತದೆ. ಆಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಬಾಕಿ ಯಾರಿಗೆ ಸಲ್ಲಬೇಕಾದದ್ದು?

ಬಾಕಿ ಯಾರಿಗೆ?

ಸಾಲ ಮಾಹಿತಿ ಕಂಪನಿಗಳು 2005ರ ಕಾಯಿದೆಗೆ ಒಳಪಟ್ಟಿವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್ ಎಂಬ ಈ ನಾಲ್ಕು ಕಂಪನಿಗಳಿಗೆ ಗ್ರಾಹಕರ ಸಾಲದ ವಿವರ ಒದಗಿಸುವವರು ಬ್ಯಾಂಕು, ಹಣಕಾಸು ಕಂಪನಿಗಳಂತಹ ಸಾಲದಾತರು. ಕ್ಲಬ್ಬು ಸಾಲದಾತ ಸಂಸ್ಥೆಯಲ್ಲ. ಬಾಕಿ ನೇರವಾಗಿ ಕ್ಲಬ್ಬಿಗೇ ಸಲ್ಲಬೇಕಾದ ಶುಲ್ಕವಾಗಿದ್ದರೆ ಅದು ನ್ಯಾಯಾಲಯಕ್ಕೆ ಹೋಗಬಹುದೇ ಹೊರತು, ಅದು ತಾನಾಗಿ ನಿಮ್ಮ ಸಾಲದ ವರದಿಯನ್ನು ಸೇರದು.

ಸದಸ್ಯತ್ವದ ಹಣವನ್ನು ಮಾಸಿಕ ಕಂತಿಗೆ ಪರಿವರ್ತಿಸಿದ್ದರೆ ಸಂಗತಿ ಬೇರೆ. ಆಗ ಕ್ಲಬ್ಬಿಗೆ ಹಣ ಸಂದಿರುತ್ತದೆ. ನೀವು ಹಣಕಾಸು ಕಂಪನಿಗೆ ಅಥವಾ ಕಾರ್ಡ್ ನೀಡಿದ ಬ್ಯಾಂಕಿಗೆ ಸಾಲಗಾರರು. ಕ್ಲಬ್ಬಿನೊಡನೆ ಜಗಳ ಎಂದು ಕಂತು ನಿಲ್ಲಿಸಿದರೆ, ಸುಸ್ತಿ ದಾಖಲಾಗುವುದು ನಿಮ್ಮ ಹೆಸರಿನಲ್ಲಿ. ಪತಿ ಅಥವಾ ಪತ್ನಿ ಸಹ ಅರ್ಜಿದಾರರಾಗಿದ್ದರೆ ಅವರ ವರದಿಯಲ್ಲಿಯೂ ಅದು ಕಾಣಿಸುತ್ತದೆ. ಮುಂದೆ ಮನೆಸಾಲಕ್ಕೋ ಮಕ್ಕಳ ಶಿಕ್ಷಣ ಸಾಲಕ್ಕೋ ಅರ್ಜಿ ಹಾಕಿದಾಗ ಈ ಸಣ್ಣ ಬಾಕಿಯೇ ಅಡ್ಡಬರಬಹುದು.

ಅನುಸರಿಸಬೇಕಾದ ಕ್ರಮ

1. ಕರಾರುಪತ್ರ, ರಸೀದಿ, ಪತ್ರವ್ಯವಹಾರ ಒಟ್ಟುಗೂಡಿಸಿ, ಕ್ಲಬ್ಬಿಗೆ ಲಿಖಿತ ತಕರಾರು ಸಲ್ಲಿಸಿ ಅದರ ಪ್ರತಿಯನ್ನು ಸಾಲದಾತರಿಗೂ ಕಳುಹಿಸಬೇಕು. ದೂರವಾಣಿಯ ಮಾತು ಪುರಾವೆಯಾಗದು.

2. ಸಾಧ್ಯವಿದ್ದವರು ತಮ್ಮ ಹಕ್ಕನ್ನು ಕಾಯ್ದಿರಿಸಿದ್ದೇವೆಂದು ಬರೆದುಕೊಟ್ಟು ಕಂತು ಮುಂದುವರಿಸುವುದು ಕ್ಷೇಮ. ಕಾರ್ಡಿನ ಬಿಲ್ಲಾದರೆ ತಕರಾರಿಲ್ಲದ ಭಾಗವನ್ನು ಗಡುವಿನೊಳಗೆ ಕಟ್ಟಲೇಬೇಕು. ತಕರಾರು ಬಾಕಿಯಿರುವಾಗ, ಅದು ಇತ್ಯರ್ಥವಾದ ಬಳಿಕವೇ ಸುಸ್ತಿಯನ್ನು ವರದಿ ಮಾಡಬೇಕೆಂದು ರಿಸರ್ವ್ ಬ್ಯಾಂಕು 2022ರ ಏಪ್ರಿಲ್‌ನ ಕಾರ್ಡ್ ನಿರ್ದೇಶನದಲ್ಲಿ ವಿಧಿಸಿತು. ಲಿಖಿತ ತಕರಾರಿನ ಬೆಲೆ ಇಲ್ಲಿದೆ.

3. ಏಜೆಂಟರು ಕರೆ ಮಾಡಿದರೆ ಸಾಲದಾತರ ಅಧಿಕಾರಪತ್ರ ಮತ್ತು ಬಾಕಿಯ ವಿವರ ಕೇಳಬೇಕು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗಾಗಿ ಕರೆ ಮಾಡಕೂಡದು, ಬೆದರಿಸಕೂಡದು ಎಂದು ರಿಸರ್ವ್ ಬ್ಯಾಂಕಿನ 2022ರ ಆಗಸ್ಟ್ 12ರ ಸುತ್ತೋಲೆ ಹೇಳಿತು.

4. ಪ್ರತಿ ಕಂಪನಿಯಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ತಪ್ಪಿದ್ದರೆ ಸಾಲದಾತರಿಗೂ ಮಾಹಿತಿ ಕಂಪನಿಗೂ ದೂರು ಸಲ್ಲಿಸಬೇಕು. 30 ದಿನಗಳಲ್ಲಿ ಪರಿಹಾರವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ.

5. ಸಾಲದಾತರ ಅಥವಾ ಮಾಹಿತಿ ಕಂಪನಿಯ ಉತ್ತರ 30 ದಿನಗಳಲ್ಲಿ ಬಾರದಿದ್ದರೆ ಅಥವಾ ಸಮಾಧಾನ ತಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ರಿಗೆ ಶುಲ್ಕವಿಲ್ಲದೆ ದೂರಬಹುದು.

ಕ್ಲಬ್ಬಿನ ವಿರುದ್ಧ

ಕ್ಲಬ್ಬಿನ ಸೇವಾಲೋಪಕ್ಕೆ ಒಂಬುಡ್ಸ್‌ಮನ್ ದಾರಿಯಲ್ಲ. ಗ್ರಾಹಕ ಆಯೋಗವೇ ದಾರಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಕ್ಲಬ್ಬಿನ ಕಚೇರಿ ಎಲ್ಲಿಯೇ ಇರಲಿ, ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದಾವೆ ಹೂಡಬಹುದು. ಬೆಂಗಳೂರಿನಲ್ಲಿ ಸಹಿ ಹಾಕಿ ಮುಂಬಯಿಯಲ್ಲಿ ನೆಲೆಸಿದವರಿಗೆ ಇದು ದೊಡ್ಡ ಅನುಕೂಲ. ತೆತ್ತ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ; ಕಾಲಮಿತಿ 2 ವರ್ಷ. ಸಾಲದಾತರನ್ನೂ ಪ್ರತಿವಾದಿಯಾಗಿಸಿ, ಕಂತಿನ ವಸೂಲಿಗೆ ಮಧ್ಯಂತರ ತಡೆ ಕೋರಲು ಅವಕಾಶವಿದೆ. ಮೊದಲ ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ರಾಜಿಗೆ ಮುನ್ನ

ಏಜೆಂಟರು ಅರ್ಧ ಹಣಕ್ಕೆ ಮುಗಿಸುತ್ತೇವೆ ಎಂದಾಗ ಅವಸರಿಸಬಾರದು. ಹಾಗೆ ಮುಗಿದ ಸಾಲ ವರದಿಯಲ್ಲಿ 'ಸೆಟಲ್ಡ್' ಎಂದು ನಮೂದಾಗುತ್ತದೆ. ಪೂರ್ಣ ತೀರಿದ ಸಾಲದ 'ಕ್ಲೋಸ್ಡ್' ಎಂಬ ನಮೂದಿಗೆ ಅದು ಸಮವಲ್ಲ, ಮುಂದಿನ ಸಾಲದಾತರು ಅದನ್ನು ಸಂಶಯದಿಂದಲೇ ನೋಡುತ್ತಾರೆ. ಯಾವ ನಮೂದು ಬರುವುದೆಂದು ಮೊದಲೇ ಲಿಖಿತವಾಗಿ ಪಡೆದು, ಹಣವನ್ನು ಏಜೆಂಟರ ಕೈಗೆ ನಗದಾಗಿ ಕೊಡದೆ ಸಾಲದಾತರ ಖಾತೆಗೇ ಜಮಾ ಮಾಡಿ, ಬಾಕಿಯಿಲ್ಲವೆಂಬ ಪ್ರಮಾಣಪತ್ರವನ್ನು ಜೋಪಾನವಾಗಿಡಬೇಕು. ಒಂದೆರಡು ತಿಂಗಳ ನಂತರ ವರದಿಯನ್ನು ಮತ್ತೊಮ್ಮೆ ತರಿಸಿ ನೋಡಿದಲ್ಲಿಗೆ ಈ ಕೆಲಸ ಪೂರ್ಣವಾದಂತೆ.